ಸೋಂಕುರೋಗ ತಜ್ಞರಾಗಲು ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬಿಬಿಎಸ್ ಮುಗಿಸುತ್ತಿರುವವರು, ಮೆಡಿಸಿನ್ ಎಂಡಿ ಓದುತ್ತಿರುವವರು, ಎಂಡಿ ಆದ ಮೇಲೆ ಯಾವ ದಾರಿ ಹಿಡಿಯಲಿ ಎಂದು ಯೋಚಿಸುತ್ತಿರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಸೀಟುಗಳ ಸಂಖ್ಯೆ, ಅರ್ಹತೆ, ಪರೀಕ್ಷೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಪೂರ್ತಿ ಓದಿ.

ಜ್ವರ ನೋಡಲು ಫಿಸಿಷಿಯನ್ ಇದ್ದಾರಲ್ಲ, ಸೋಂಕುರೋಗ ತಜ್ಞರು ಯಾಕೆ?

ಡೆಂಗಿ, ಟೈಫಾಯ್ಡ್, ಮಲೇರಿಯಾ, ಸಾಮಾನ್ಯ ಮೂತ್ರದ ಸೋಂಕು ಇಷ್ಟಕ್ಕೆ ಒಳ್ಳೆಯ ಫಿಸಿಷಿಯನ್ ಸಾಕು. ತಜ್ಞರಿಗೆ ಕರೆ ಬರುವುದು ಬೇರೆ ಸಂದರ್ಭಗಳಲ್ಲಿ. ಮೂರು ವಾರವಾದರೂ ಕಾರಣ ಸಿಗದ ಜ್ವರ, ಕಿಡ್ನಿ ಕಸಿ ಆದವರಲ್ಲಿ ಶ್ವಾಸಕೋಶದ ಗಂಟು, ಮೊಣಕಾಲಿಗೆ ಕೃತಕ ಕೀಲು ಹಾಕಿದ ಮೇಲೆ ಒಸರುವ ಕೀವು, ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬೆಳೆದ ಐಸಿಯು ರೋಗಿ, ಎಚ್‌ಐವಿ ಜೊತೆಗೆ ಮೆದುಳಿನ ಟಿಬಿ. ಇವೆಲ್ಲ ಒಂದು ಪಾಲು. ಇನ್ನೊಂದು ಪಾಲು ರೋಗಿಯ ಹಾಸಿಗೆಯಿಂದ ಆಚೆಗಿನದು: ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ಬಳಕೆಯ ಮೇಲೆ ಕಣ್ಣಿಡುವುದು, ಸೋಂಕು ಹರಡದಂತೆ ವ್ಯವಸ್ಥೆ ಮಾಡುವುದು.

ಒಂದೇ ಉದಾಹರಣೆ ಸಾಕು. ರಕ್ತದಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ ಎಂದುಕೊಳ್ಳಿ. ಜ್ವರ ಇಳಿಯಿತು ಎಂದು ಐದು ದಿನ ಔಷಧಿ ಕೊಟ್ಟು ಮನೆಗೆ ಕಳಿಸಿದರೆ ಮೂರು ವಾರದಲ್ಲಿ ಆ ರೋಗಿ ಬೆನ್ನುಮೂಳೆಯ ಕೀವಿನೊಂದಿಗೋ ಹೃದಯದ ಕವಾಟದ ಸೋಂಕಿನೊಂದಿಗೋ ವಾಪಸ್ ಬರಬಹುದು. ಮಾಡಬೇಕಾದ್ದು ಇಷ್ಟು: ರಕ್ತ ಶುದ್ಧವಾಗುವ ತನಕ ಒಂದೆರಡು ದಿನಕ್ಕೊಮ್ಮೆ ಮತ್ತೆ ಬ್ಲಡ್ ಕಲ್ಚರ್ (ರಕ್ತದಲ್ಲಿ ಜೀವಿ ಬೆಳೆಯುತ್ತದೆಯೇ ಎಂಬ ಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್), ಸೋಂಕಿನ ಮೂಲ ಹುಡುಕಿ ತೆಗೆಯುವುದು (ರಕ್ತನಾಳಕ್ಕೆ ಹಾಕಿದ ಹಳೆಯ ಕೊಳವೆ, ಅಂದರೆ ಲೈನ್, ಇದ್ದರೆ ಮೊದಲು ಅದು), ಮೆಥಿಸಿಲಿನ್‌ಗೆ ಬಗ್ಗುವ ಜಾತಿಯಾದರೆ ವ್ಯಾಂಕೊಮೈಸಿನ್ ನಿಲ್ಲಿಸಿ ಸೆಫಜೋಲಿನ್ ಶುರು ಮಾಡುವುದು. ಯಾವ ತೊಡಕೂ ಇಲ್ಲದಿದ್ದರೆ ಕನಿಷ್ಠ 14 ದಿನ, ತೊಡಕಿದ್ದರೆ 4ರಿಂದ 6 ವಾರ. ಈ ದಿನಗಳ ಲೆಕ್ಕ ಔಷಧಿ ಶುರುವಾದ ದಿನದಿಂದಲ್ಲ, ಕಲ್ಚರ್ ಮೊದಲ ಸಲ ನೆಗೆಟಿವ್ ಬಂದ ದಿನದಿಂದ. ಸೋಂಕುರೋಗ ತಜ್ಞರು ನೋಡಿದ ಇಂಥ ರೋಗಿಗಳಲ್ಲಿ ಸಾವು ಕಡಿಮೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಭಾರತದಲ್ಲಿ ಇರುವ ದಾರಿಗಳು ಯಾವುವು? ಎಷ್ಟು ವರ್ಷ ಬೇಕು?

ಮುಖ್ಯವಾಗಿ ಎರಡು. ಒಂದು, ಎಂಡಿ ನಂತರ 3 ವರ್ಷದ ಡಿಎಂ (ಸೂಪರ್ ಸ್ಪೆಷಾಲಿಟಿ ಪದವಿ). ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ವೆಲ್ಲೂರಿನ ಸಿಎಂಸಿ ಈ ಕೋರ್ಸ್‌ಗೆ ಹೆಸರಾದ ಜಾಗಗಳು. ಎರಡು, ರಾಷ್ಟ್ರೀಯ ಪರೀಕ್ಷಾ ಮಂಡಳಿ ನಡೆಸುವ 2 ವರ್ಷದ ಎಫ್‌ಎನ್‌ಬಿ ಎಂಬ ಫೆಲೋಶಿಪ್. ಇದು ಹೆಚ್ಚಾಗಿ ದೊಡ್ಡ ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿಗೆ 3 ವರ್ಷ. ಅದರ ಮೇಲೆ ಡಿಎಂ ಆದರೆ ಒಟ್ಟು ಹನ್ನೊಂದೂವರೆ, ಎಫ್‌ಎನ್‌ಬಿ ಆದರೆ ಹತ್ತೂವರೆ. ನಡುವೆ ಪ್ರವೇಶ ಪರೀಕ್ಷೆಗೆ ಓದುವ ಕಾಲವನ್ನು ಇದರಲ್ಲಿ ಸೇರಿಸಿಲ್ಲ. ಬಹುತೇಕರಿಗೆ ಅದು ಬೇಕಾಗುತ್ತದೆ.

ಯಾವ ಪರೀಕ್ಷೆ ಬರೆಯಬೇಕು?

ಏಮ್ಸ್‌ಗಳು, ಪಿಜಿಐ, ಜಿಪ್ಮರ್‌ನಂಥ ರಾಷ್ಟ್ರೀಯ ಸಂಸ್ಥೆಗಳಿಗೆ ಐಎನ್‌ಐ-ಎಸ್‌ಎಸ್. ಇದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಪ್ರವೇಶಕ್ಕೆ. ಕಂಪ್ಯೂಟರ್ ಪರೀಕ್ಷೆ ಮೊದಲ ಹಂತ, ವಿಭಾಗದವರೇ ನಡೆಸುವ ಮೌಲ್ಯಮಾಪನ ಎರಡನೆಯದು. ಉಳಿದ ಕಾಲೇಜುಗಳ ಡಿಎಂ ಸೀಟಿಗೆ ನೀಟ್-ಎಸ್‌ಎಸ್. ಎಫ್‌ಎನ್‌ಬಿಗೆ ಎಫ್‌ಇಟಿ ಎಂಬ ಪ್ರತ್ಯೇಕ ಪರೀಕ್ಷೆ.

ಇಲ್ಲಿ ಹಲವರು ಎಡವುವ ಕಡೆ ಒಂದಿದೆ. ನೀಟ್-ಎಸ್‌ಎಸ್‌ನಲ್ಲಿ ಮೆಡಿಸಿನ್ ಗುಂಪಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ. ಸೋಂಕುರೋಗಕ್ಕೆ ಸೇರಬೇಕೆಂದು ಬರೀ ಸೋಂಕುರೋಗ ಓದಿ ಹೋದರೆ ಅಂಕ ಬರುವುದಿಲ್ಲ. ಕಾರ್ಡಿಯಾಲಜಿ, ನ್ಯೂರಾಲಜಿ, ಕಿಡ್ನಿ, ಹಾರ್ಮೋನ್ ಎಲ್ಲವೂ ಬರುತ್ತವೆ. ಐಎನ್‌ಐ-ಎಸ್‌ಎಸ್‌ನ ಎರಡನೇ ಹಂತ ಇದಕ್ಕೆ ತದ್ವಿರುದ್ಧ. ಅಲ್ಲಿ ಗ್ರಾಂ ಸ್ಟೇನ್ ಚಿತ್ರ, ಕಲ್ಚರ್ ವರದಿ, ಎಕ್ಸ್‌ರೇ ಮುಂದಿಟ್ಟು "ಈಗ ಏನು ಮಾಡುತ್ತೀರಿ" ಎಂದು ಕೇಳುತ್ತಾರೆ. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅದು ಕಷ್ಟವಲ್ಲ.

ಡಿಎಂ ಮಾಡಲೋ, ಎಫ್‌ಎನ್‌ಬಿ ಮಾಡಲೋ? ವಿಶ್ವವಿದ್ಯಾಲಯದ ಫೆಲೋಶಿಪ್ ಸಾಲದೇ?

ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಬೇಕು, ವಿಭಾಗ ಕಟ್ಟಬೇಕು ಎಂಬ ಆಸೆ ಇದ್ದರೆ ಡಿಎಂ ಮಾಡಿ. ಸೂಪರ್ ಸ್ಪೆಷಾಲಿಟಿ ಹುದ್ದೆಗೆ ಅದೇ ನೇರ ದಾರಿ. ಕಾರ್ಪೊರೇಟ್ ಅಥವಾ ಟ್ರಸ್ಟ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವುದೇ ಗುರಿಯಾದರೆ ಒಳ್ಳೆಯ ಕೇಂದ್ರದ ಎಫ್‌ಎನ್‌ಬಿ ಸಾಕಷ್ಟು ಗಟ್ಟಿ.

ಒಂದು ವರ್ಷದ ಆಸ್ಪತ್ರೆ ಸರ್ಟಿಫಿಕೇಟ್‌ಗಳು, ಎಚ್‌ಐವಿ ಮೆಡಿಸಿನ್‌ನಂಥ ವಿಶ್ವವಿದ್ಯಾಲಯ ಫೆಲೋಶಿಪ್‌ಗಳು, ಆನ್‌ಲೈನ್ ಡಿಪ್ಲೊಮಾಗಳು ಕಲಿಕೆಗೆ ಉಪಯುಕ್ತ. ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ಕೆಲಸ ಮಾಡುವ ಫಿಸಿಷಿಯನ್‌ಗೆ ಅವು ಬಹಳ ನೆರವಾಗುತ್ತವೆ. ಆದರೆ ಅವು ಡಿಎಂಗೆ ಸಮವಲ್ಲ. ಸಮ ಎಂದು ಹೇಳಿ ಶುಲ್ಕ ಕಟ್ಟಿಸಿಕೊಳ್ಳುವವರ ಮಾತು ಕೇಳಬೇಡಿ.

ಪೀಡಿಯಾಟ್ರಿಕ್ಸ್ ಅಥವಾ ಮೈಕ್ರೋಬಯಾಲಜಿ ಎಂಡಿ ಮಾಡಿದವರು ಸೇರಬಹುದೇ?

ಯಾವ ಎಂಡಿಯವರಿಗೆ ಅವಕಾಶ ಎಂಬ ಪಟ್ಟಿ ಪರೀಕ್ಷೆಗೊಂದು, ಸಂಸ್ಥೆಗೊಂದು. ಪುಸ್ತಿಕೆಯಲ್ಲಿ ನಿಮ್ಮ ಪದವಿಯ ಹೆಸರು ಅಕ್ಷರಶಃ ಇದೆಯೇ ನೋಡಿ. ಹತ್ತಿರದ ಪದವಿ ನಡೆಯುತ್ತದೆ ಎಂದು ಊಹಿಸಿ ಅರ್ಜಿ ಹಾಕಿದರೆ ಕೌನ್ಸೆಲಿಂಗ್ ಹೊತ್ತಿಗೆ ತಿರಸ್ಕೃತವಾಗುತ್ತದೆ. ಜನರಲ್ ಮೆಡಿಸಿನ್ ಎಂಡಿ ಎಲ್ಲ ಕಡೆ ನಡೆಯುವ ಪದವಿ.

ತರಬೇತಿಯ ದಿನ ಹೇಗಿರುತ್ತದೆ?

ಬೆಳಿಗ್ಗೆ ಮೊದಲ ಕೆಲಸ ಲ್ಯಾಬ್‌ಗೆ ಹೋಗಿ ರಾತ್ರಿ ಪಾಸಿಟಿವ್ ಆದ ಬ್ಲಡ್ ಕಲ್ಚರ್ ಪಟ್ಟಿ ನೋಡುವುದು. ಆಮೇಲೆ ಸ್ವಂತ ವಾರ್ಡಿನ ರೌಂಡ್ಸ್, ನಂತರ ಕನ್ಸಲ್ಟ್‌ಗಳು, ಅಂದರೆ ಬೇರೆ ವಿಭಾಗದವರು ಸಲಹೆ ಕೇಳಿದ ರೋಗಿಗಳು: ಸರ್ಜರಿ, ಆರ್ಥೋ, ಕ್ಯಾನ್ಸರ್, ಐಸಿಯು. ವಾರದಲ್ಲಿ ಕೆಲವು ದಿನ ಎಚ್‌ಐವಿ ಮತ್ತು ಸಾಮಾನ್ಯ ಒಪಿಡಿ. ಸಂಜೆ ಬಂದ ಹೊಸ ವರದಿಗಳಿಗೆ ತಕ್ಕಂತೆ ಔಷಧಿ ಬದಲಾಯಿಸುವುದು.

ಕನ್ಸಲ್ಟ್ ಬರೆಯುವುದೇ ಒಂದು ಕಲೆ. ಆಂಟಿಬಯಾಟಿಕ್ ಹೆಸರು ಗೀಚಿ ಸಹಿ ಹಾಕುವುದು ಕನ್ಸಲ್ಟ್ ಅಲ್ಲ. ಸೋಂಕು ಎಲ್ಲಿದೆ, ಯಾವ ಜೀವಿ ಇರಬಹುದು, ಯಾವ ಸ್ಯಾಂಪಲ್ ಇನ್ನೂ ಬಾಕಿ, ಯಾವ ಔಷಧಿ ಯಾವ ಪ್ರಮಾಣದಲ್ಲಿ, ಯಾವ ದಿನ ನಿಲ್ಲಿಸಬೇಕು ಎಂಬ ಐದೂ ಸ್ಪಷ್ಟವಾಗಿರಬೇಕು. ಐದನೆಯದನ್ನು ಹೊಸಬರು ಬರೆಯುವುದೇ ಇಲ್ಲ. ನಿಲ್ಲಿಸುವ ದಿನ ಬರೆಯದ ಮೆರೊಪೆನೆಮ್ ಡಿಸ್ಚಾರ್ಜ್ ತನಕ ಹರಿಯುತ್ತಲೇ ಇರುತ್ತದೆ. ನಮ್ಮ ದೃಷ್ಟಿಯಲ್ಲಿ ಈ ತರಬೇತಿಯ ತಿರುಳು ಅಲ್ಲಿದೆ: ಯಾವಾಗ ಶುರು ಮಾಡಬೇಕು ಎಂಬಷ್ಟೇ ಚೆನ್ನಾಗಿ ಯಾವಾಗ ನಿಲ್ಲಿಸಬೇಕು ಎಂಬುದನ್ನೂ ಕಲಿಯುವುದು.

ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಏನು ಕಲಿಯಬೇಕು?

ಲ್ಯಾಬ್ ಪೋಸ್ಟಿಂಗನ್ನು ರಜೆ ಎಂದು ಭಾವಿಸಿದವರು ಆಮೇಲೆ ಪರದಾಡುತ್ತಾರೆ. ಬ್ಲಡ್ ಕಲ್ಚರ್‌ನಿಂದಲೇ ಶುರು ಮಾಡಿ.

ವಯಸ್ಕರಿಗೆ ಎರಡು ಸೆಟ್, ಬೇರೆ ಬೇರೆ ಕಡೆ ಚುಚ್ಚಿ. ಪ್ರತಿ ಬಾಟಲಿಗೆ 8ರಿಂದ 10 ಎಂಎಲ್ ರಕ್ತ. ಆಂಟಿಬಯಾಟಿಕ್‌ನ ಮೊದಲ ಡೋಸ್‌ಗಿಂತ ಮುಂಚೆ. ಚರ್ಮಕ್ಕೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗಲು ಬಿಡಬೇಕು. ಒಣಗಿದ ಮೇಲೆ ಮತ್ತೆ ಬೆರಳಿಟ್ಟು ನರ ಹುಡುಕಬಾರದು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಬೇಕು. ವಾಸ್ತವದಲ್ಲಿ ನಡೆಯುವುದೇನು? ಈಗಾಗಲೇ ಹಾಕಿದ್ದ ಕ್ಯಾನುಲಾದಿಂದ ಮೂರು ಎಂಎಲ್ ಎಳೆದು ಒಂದೇ ಬಾಟಲಿಗೆ ಹಾಕುತ್ತಾರೆ, ಅದೂ ಎರಡು ಡೋಸ್ ಕೊಟ್ಟ ಮೇಲೆ. ರಕ್ತ ಕಡಿಮೆಯಾದರೆ ಬೆಳೆಯಬೇಕಾದ್ದು ಬೆಳೆಯುವುದಿಲ್ಲ. ಕ್ಯಾನುಲಾದಿಂದ ತೆಗೆದರೆ ಚರ್ಮದ ಜೀವಿ ಬೆಳೆಯುತ್ತದೆ. ಒಂದೇ ಬಾಟಲಿ ಇದ್ದರೆ ಅದು ನಿಜವಾದ ಸೋಂಕೋ ಕಲಬೆರಕೆಯೋ ಹೇಳಲಾಗುವುದಿಲ್ಲ. ಕಲಬೆರಕೆಯ ಪ್ರಮಾಣ ಶೇ 3ಕ್ಕಿಂತ ಕೆಳಗಿರಬೇಕು. ನಿಮ್ಮ ಆಸ್ಪತ್ರೆಯ ಲೆಕ್ಕ ಎಷ್ಟು ಎಂದು ಲ್ಯಾಬಿನವರನ್ನು ಕೇಳಿ.

ಇನ್ನು ಸೂಕ್ಷ್ಮತೆಯ ವರದಿ, ಅಂದರೆ ಬೆಳೆದ ಜೀವಿ ಯಾವ ಔಷಧಿಗೆ ಬಗ್ಗುತ್ತದೆ ಎಂಬುದು. ಕೊಲಿಸ್ಟಿನ್‌ಗೆ ಡಿಸ್ಕ್ (ಔಷಧಿ ಹೀರಿಸಿದ ಕಾಗದದ ಬಿಲ್ಲೆ) ಇಟ್ಟು ಬಂದ ಫಲಿತಾಂಶ ನಂಬುವಂತಿಲ್ಲ, ದ್ರವದಲ್ಲಿ ಮಾಡುವ ಬ್ರಾತ್ ಮೈಕ್ರೋಡೈಲ್ಯೂಷನ್ ಬೇಕು. ಸ್ಟೆಫೈಲೊಕಾಕಸ್ ಆರಿಯಸ್‌ಗೆ ವ್ಯಾಂಕೊಮೈಸಿನ್ ಡಿಸ್ಕ್ ಕೂಡ ಹಾಗೆಯೇ. ಆಂಟಿಬಯಾಟಿಕ್ ಒಡೆಯುವ ಎನ್‌ಡಿಎಂ ಕಿಣ್ವ ಇರುವ ಕ್ಲೆಬ್ಸಿಯೆಲ್ಲಾಗೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದೇ ಕೊಟ್ಟರೆ ಕೆಲಸ ಮಾಡದು, ಜೊತೆಗೆ ಅಜ್ಟ್ರಿಯೊನಾಮ್ ಬೇಕು. ಯಾಕೆ ಎಂದರೆ ಎನ್‌ಡಿಎಂ ಅಜ್ಟ್ರಿಯೊನಾಮನ್ನು ಒಡೆಯುವುದಿಲ್ಲ. ಅದನ್ನು ಒಡೆಯುವ ಉಳಿದ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಇಂಥದ್ದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಪ್ಲೇಟ್ ಮೇಲೆ ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಕರ್ನಾಟಕದಲ್ಲಿ ಕೆಲಸ ಮಾಡುವವರು ಯಾವ ರೋಗಗಳನ್ನು ಚೆನ್ನಾಗಿ ಕಲಿಯಬೇಕು?

ಇಲಿ ಜ್ವರ, ಸ್ಕ್ರಬ್ ಟೈಫಸ್, ಟಿಬಿ, ಎಚ್‌ಐವಿ, ಬ್ರುಸೆಲ್ಲೋಸಿಸ್, ಹುಚ್ಚುನಾಯಿ ಕಡಿತ ಎಲ್ಲ ಇದ್ದೇ ಇವೆ. ಎರಡನ್ನು ಮಾತ್ರ ವಿವರವಾಗಿ ಹೇಳಬೇಕು.

ಮೊದಲನೆಯದು ಮೆಲಿಯೊಯ್ಡೋಸಿಸ್, ಮಣ್ಣು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಕರಾವಳಿಯಲ್ಲಿ, ಮಳೆಗಾಲದಲ್ಲಿ, ಮಣ್ಣು ನೀರಿನ ಕೆಲಸ ಮಾಡುವ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಶ್ವಾಸಕೋಶದ ಸೋಂಕು, ಗುಲ್ಮ ಅಥವಾ ಯಕೃತ್ತಿನಲ್ಲಿ ಕೀವು, ಕೀಲಿನ ಬಾವು ಹೀಗೆ ಹಲವು ವೇಷದಲ್ಲಿ ಬರುತ್ತದೆ. ಟಿಬಿ ಎಂದು ತಿಳಿದು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟಿರುವುದೂ ಉಂಟು. ಲ್ಯಾಬ್‌ನಲ್ಲಿ ಇದನ್ನು ಸ್ಯೂಡೊಮೊನಾಸ್ ಎಂದೋ ಕಲಬೆರಕೆ ಎಂದೋ ತಳ್ಳಿಹಾಕುವ ಅಪಾಯ ಇದೆ. ಸುಳಿವು ವರದಿಯಲ್ಲೇ ಇರುತ್ತದೆ: ಆಕ್ಸಿಡೇಸ್ ಪಾಸಿಟಿವ್ ಗ್ರಾಂ ನೆಗೆಟಿವ್ ಬ್ಯಾಸಿಲೈ, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ಬಗ್ಗುವುದಿಲ್ಲ, ಆದರೆ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತದೆ. ಈ ಮೂರೂ ಕೂಡಿ ಬಂದರೆ ಲ್ಯಾಬ್‌ಗೆ ಫೋನ್ ಮಾಡಿ, ಪ್ಲೇಟ್ ಎಸೆಯದಂತೆ ಹೇಳಿ. ಚಿಕಿತ್ಸೆಗೆ ಎರಡು ಹಂತ: ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ 10ರಿಂದ 14 ದಿನ, ಒಳಗೆ ಕೀವಿದ್ದರೆ ಇನ್ನೂ ಹೆಚ್ಚು; ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ 3 ತಿಂಗಳು. ಎರಡನೇ ಹಂತವನ್ನು ರೋಗಿ ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು. ಡಿಸ್ಚಾರ್ಜ್ ದಿನವೇ ಇದನ್ನು ಮನೆಯವರಿಗೆ ಕೂರಿಸಿ ಹೇಳಬೇಕು.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಉಣುಗು ಕಡಿತದಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇ ತನಕ ಹೆಚ್ಚು. ದರಗು ತರಲು, ಸೌದೆ ತರಲು ಕಾಡಿಗೆ ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತಿತ್ತೇ ಎಂಬ ಎರಡು ಪ್ರಶ್ನೆ ಕೇಳದೆ ಮಲೆನಾಡಿನ ಜ್ವರದ ಇತಿಹಾಸ ಪೂರ್ತಿಯಾಗುವುದಿಲ್ಲ. ಮೊದಲ ವಾರದಲ್ಲಿ ಪಿಸಿಆರ್, ಆಮೇಲೆ ಐಜಿಎಂ. ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣ ಎರಡೂ ಇಳಿಯುವುದರಿಂದ ಡೆಂಗಿ ಎಂದು ಮೋಸಹೋಗುವುದು ಸುಲಭ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮತ್ತೆ ಬಂದು ತಲೆನೋವು, ಗೊಂದಲ ಕಾಣಿಸುತ್ತದೆ. ವೈರಸ್‌ಗೆಂದೇ ಔಷಧಿ ಇಲ್ಲ, ಆರೈಕೆಯೇ ಚಿಕಿತ್ಸೆ.

ಕೇಂದ್ರ ಆಯ್ಕೆ ಮಾಡುವಾಗ ಏನು ನೋಡಬೇಕು?

ಹೆಸರಿಗಿಂತ ರೋಗಿಗಳನ್ನೂ ಲ್ಯಾಬನ್ನೂ ನೋಡಿ. ಈಗಿನ ಟ್ರೈನಿಗಳಿಗೆ ಫೋನ್ ಮಾಡಿ ಇವನ್ನು ಕೇಳಿ:

- ವಿಭಾಗಕ್ಕೆ ಸ್ವಂತ ಹಾಸಿಗೆಗಳಿವೆಯೇ, ಅಥವಾ ಬರೀ ಕನ್ಸಲ್ಟ್ ಮಾತ್ರವೇ? ಎರಡೂ ಬೇಕು.
- ಅಂಗಾಂಗ ಕಸಿ ಮತ್ತು ಅಸ್ಥಿಮಜ್ಜೆ ಕಸಿ ನಡೆಯುತ್ತದೆಯೇ? ಇಲ್ಲವಾದರೆ ಹೊರಗೆ ಪೋಸ್ಟಿಂಗ್ ಕೊಡುತ್ತಾರೆಯೇ?
- ಎಆರ್‌ಟಿ ಕೇಂದ್ರ ಮತ್ತು ಔಷಧಕ್ಕೆ ಬಗ್ಗದ ಟಿಬಿಯ ಚಿಕಿತ್ಸೆ ಒಂದೇ ಆವರಣದಲ್ಲಿದೆಯೇ? ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಇದೇ ಕೊರತೆ.
- ಫಂಗಸ್ ಕಲ್ಚರ್, ಔಷಧಿ ಮಟ್ಟದ ಪರೀಕ್ಷೆ ಅಲ್ಲೇ ಆಗುತ್ತದೆಯೇ?
- ಕನ್ಸಲ್ಟೆಂಟ್ ದಿನವೂ ರೌಂಡ್ಸ್‌ಗೆ ಬರುತ್ತಾರೆಯೇ?

ಕೊನೆಯ ಪ್ರಶ್ನೆಗೆ ಉತ್ತರಿಸಲು ಟ್ರೈನಿ ತಡವರಿಸಿದರೆ ಅದೇ ಉತ್ತರ. ಬಾಂಡ್ ಷರತ್ತು, ನಡುವೆ ಬಿಟ್ಟರೆ ಕಟ್ಟಬೇಕಾದ ದಂಡ ಎರಡನ್ನೂ ಸೀಟು ಒಪ್ಪಿಕೊಳ್ಳುವ ಮುಂಚೆಯೇ ಓದಿ.

ಹೊಸ ಟ್ರೈನಿಗಳು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ?

ಮೆರೊಪೆನೆಮ್ ಜೊತೆಗೆ ಮೆಟ್ರೊನಿಡಜೋಲ್ ಕೊಡುವುದು. ಆಮ್ಲಜನಕವಿಲ್ಲದೆ ಬೆಳೆಯುವ ಜೀವಿಗಳನ್ನು ಮೆರೊಪೆನೆಮ್ ತಾನೇ ನೋಡಿಕೊಳ್ಳುತ್ತದೆ. ಎರಡನೆಯದರಿಂದ ವಾಂತಿ, ಖರ್ಚು ಬಿಟ್ಟರೆ ಏನೂ ಬರದು.

ಕ್ಯಾಥೆಟರ್ ಹಾಕಿದವರ ಮೂತ್ರದಲ್ಲಿ ಏನೋ ಬೆಳೆಯಿತು ಎಂದು, ಜ್ವರವೇ ಇಲ್ಲದಿದ್ದರೂ ಔಷಧಿ ಕೊಡುವುದು. ವೆಂಟಿಲೇಟರ್ ರೋಗಿಯ ಕಫದಲ್ಲಿ ಅಸಿನೆಟೊಬ್ಯಾಕ್ಟರ್ ಬಂದಾಗಲೂ ಇದೇ ಅವಸರ. ವರದಿಗೆ ಚಿಕಿತ್ಸೆ ಬೇಡ, ರೋಗಿಗೆ ಬೇಕು.

ಕ್ರಿಪ್ಟೊಕಾಕಸ್ ಮೆನಿಂಜೈಟಿಸ್‌ನಲ್ಲಿ ಬೆನ್ನುನೀರಿನ ಒತ್ತಡ ಅಳೆಯದಿರುವುದು. ಒತ್ತಡ 25 ಸೆಂಟಿಮೀಟರ್ ದಾಟಿ ತಲೆನೋವಿದ್ದರೆ ನೀರು ತೆಗೆದು ಇಳಿಸಬೇಕು, ಅಗತ್ಯವಿದ್ದರೆ ದಿನವೂ. ಔಷಧಿ ಸರಿಯಿದ್ದೂ ಒತ್ತಡದಿಂದಲೇ ಕಣ್ಣು ಕಳೆದುಕೊಂಡವರು, ಜೀವ ಕಳೆದುಕೊಂಡವರು ಇದ್ದಾರೆ. ಅದೇ ರೋಗಿಗೆ ಎಚ್‌ಐವಿ ಮಾತ್ರೆಯನ್ನು ಮೊದಲ ವಾರವೇ ಶುರು ಮಾಡುವುದು ಇನ್ನೊಂದು ತಪ್ಪು. 4ರಿಂದ 6 ವಾರ ಕಾಯಬೇಕು.

ಆಂಫೊಟೆರಿಸಿನ್ ಕೊಡುವಾಗ ಮುಂಚೆ ಒಂದು ಲೀಟರ್ ಸಲೈನ್ ಕೊಡದಿರುವುದು, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ನೋಡದಿರುವುದು. 2021ರ ಕಪ್ಪು ಫಂಗಸ್ ಹಾವಳಿಯಲ್ಲಿ ಈ ಪಾಠ ದೇಶಕ್ಕೇ ಆಯಿತು.

ಅಮೆರಿಕ ಅಥವಾ ಬ್ರಿಟನ್‌ನಲ್ಲಿ ತರಬೇತಿ ಪಡೆಯಬಹುದೇ?

ಅಮೆರಿಕದಲ್ಲಿ ಮೊದಲು ಯುಎಸ್‌ಎಂಎಲ್‌ಇ (ಅಲ್ಲಿನ ವೈದ್ಯಕೀಯ ಪರವಾನಗಿ ಪರೀಕ್ಷೆ) ಪಾಸಾಗಿ, 3 ವರ್ಷ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮಾಡಿ, ಆಮೇಲೆ 2 ವರ್ಷದ ಸೋಂಕುರೋಗ ಫೆಲೋಶಿಪ್. ಭಾರತದ ಎಂಡಿ ಇದ್ದರೂ ಸಾಮಾನ್ಯವಾಗಿ ರೆಸಿಡೆನ್ಸಿ ಮತ್ತೆ ಮಾಡಬೇಕು. ಫೆಲೋಶಿಪ್ ಹಂಚಿಕೆ ಮ್ಯಾಚ್ ಮೂಲಕ, ಅಂದರೆ ಅಭ್ಯರ್ಥಿಗಳ ಮತ್ತು ಕೇಂದ್ರಗಳ ಆದ್ಯತೆ ಹೊಂದಿಸುವ ವ್ಯವಸ್ಥೆಯಿಂದ. ಫಲಿತಾಂಶ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರದ ಹೊತ್ತಿಗೆ. ಕಾರ್ಡಿಯಾಲಜಿಯಂಥ ನೂಕುನುಗ್ಗಲು ಇಲ್ಲಿಲ್ಲ: 2022ರ ಮ್ಯಾಚ್‌ನಲ್ಲಿ ಪೂರ್ತಿ ಭರ್ತಿಯಾದದ್ದು ಶೇ 56ರಷ್ಟು ಕೇಂದ್ರಗಳು ಮಾತ್ರ. ಕಾರಣ ಮುಖ್ಯವಾಗಿ ಹಣ. ಅಲ್ಲಿ ಪ್ರೊಸೀಜರ್ ಮಾಡುವವರಿಗೆ ಸಂಬಳ ಹೆಚ್ಚು, ಯೋಚಿಸಿ ಸಲಹೆ ಕೊಡುವವರಿಗೆ ಕಡಿಮೆ. ಜೆ-1 ವೀಸಾದಲ್ಲಿ ಹೋದವರು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು, ಇಲ್ಲವೇ ವೈದ್ಯರ ಕೊರತೆಯಿರುವ ಕಡೆ ಕೆಲಸ ಒಪ್ಪಿಕೊಂಡು ವಿನಾಯಿತಿ ಪಡೆಯಬೇಕು.

ಬ್ರಿಟನ್‌ನಲ್ಲಿ ಎಂಆರ್‌ಸಿಪಿ (ಅಲ್ಲಿನ ಫಿಸಿಷಿಯನ್ ಪರೀಕ್ಷೆ) ಮತ್ತು ಇಂಟರ್ನಲ್ ಮೆಡಿಸಿನ್ ತರಬೇತಿಯ ನಂತರ ಸೋಂಕುರೋಗ. ಅಲ್ಲಿ ಸೋಂಕುರೋಗ ಮತ್ತು ಮೈಕ್ರೋಬಯಾಲಜಿ ಟ್ರೈನಿಗಳು ಮೊದಲ ಎರಡು ವರ್ಷ ಒಟ್ಟಿಗೇ ಕಲಿಯುತ್ತಾರೆ. ನಮ್ಮಲ್ಲೂ ಇದು ಬರಬೇಕು. ಲ್ಯಾಬ್ ಮತ್ತು ವಾರ್ಡಿನ ನಡುವಿನ ಗೋಡೆಯಿಂದ ನಷ್ಟವಾಗುವುದು ರೋಗಿಗೆ.

ಕೆಲಸ ಸಿಗುತ್ತದೆಯೇ?

ಸಿಗುತ್ತದೆ. ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಕಸಿ ಮತ್ತು ಕ್ಯಾನ್ಸರ್ ಕೇಂದ್ರಗಳಿಗೆ ಈ ತಜ್ಞರು ಬೇಕೇ ಬೇಕು. ಆದರೆ ಪ್ರೊಸೀಜರ್ ಇಲ್ಲದ ವಿಭಾಗವಾದ್ದರಿಂದ ಆಡಳಿತದವರು ನಿಮ್ಮಿಂದ ಬರುವ ಆದಾಯ ಎಲ್ಲಿ ಎಂದು ಕೇಳುತ್ತಾರೆ. ಒಪ್ಪಂದ ಮಾಡಿಕೊಳ್ಳುವಾಗಲೇ ಆಂಟಿಬಯಾಟಿಕ್ ಮೇಲ್ವಿಚಾರಣೆ ಮತ್ತು ಸೋಂಕು ನಿಯಂತ್ರಣದ ಸಮಯಕ್ಕೆ ಪ್ರತ್ಯೇಕ ಸಂಬಳ ಬರೆಸಿಕೊಳ್ಳಿ. ಬರೀ ಕನ್ಸಲ್ಟ್ ಲೆಕ್ಕದ ಮೇಲೆ ಒಪ್ಪಿಕೊಂಡರೆ ಆ ಅರ್ಧ ಕೆಲಸ ಬಿಟ್ಟಿಯಾಗುತ್ತದೆ.

ನನಗೇ ಸೋಂಕು ತಗುಲಿದರೆ?

ಭಯ ಸಹಜ. ಸೇರುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಮುಗಿಸಿ, ಪ್ರತಿಕಾಯ 10 ಎಂಐಯು/ಎಂಎಲ್‌ಗಿಂತ ಮೇಲಿದೆಯೇ ಪರೀಕ್ಷಿಸಿ. ಚಿಕನ್‌ಪಾಕ್ಸ್, ದಡಾರ ಲಸಿಕೆಯನ್ನೂ ನೋಡಿಕೊಳ್ಳಿ. ಎನ್95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಪರೀಕ್ಷಿಸಿಕೊಳ್ಳಿ. ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಿಂದ ತೊಳೆದು ತಕ್ಷಣ ವರದಿ ಮಾಡಿ. ಎಚ್‌ಐವಿ ತಡೆ ಮಾತ್ರೆ ಬೇಕಾದರೆ ಕೆಲವೇ ಗಂಟೆಗಳಲ್ಲಿ ಶುರುವಾಗಬೇಕು, 72 ಗಂಟೆ ದಾಟಬಾರದು. ಒಟ್ಟು 28 ದಿನ. ಎರಡು ವಾರ ಮೀರಿದ ಕೆಮ್ಮನ್ನು ಡ್ಯೂಟಿಯ ಸುಸ್ತು ಎಂದು ತಳ್ಳಿಹಾಕಬೇಡಿ, ಕಫ ಪರೀಕ್ಷೆ ಮಾಡಿಸಿ.

ಎಂಡಿ ಓದುವಾಗಲೇ ಏನು ಸಿದ್ಧತೆ ಮಾಡಬಹುದು?

ಥೀಸಿಸ್‌ಗೆ ಸೋಂಕಿನ ವಿಷಯ ಆರಿಸಿಕೊಳ್ಳಿ, ನಿಮ್ಮ ಆಸ್ಪತ್ರೆಗೆ ನಿಜವಾಗಿ ಬರುವ ರೋಗದ್ದೇ ಆಗಿರಲಿ. ಸ್ಕ್ರಬ್ ಟೈಫಸ್ ಹೆಚ್ಚಿರುವ ಕಡೆ ಸ್ಕ್ರಬ್ ಟೈಫಸ್, ಹೆಚ್ಚು ಬ್ಲಡ್ ಕಲ್ಚರ್ ಹೋಗುವ ಕಡೆ ಅದರ ಕಲಬೆರಕೆ. ವಾರಕ್ಕೊಂದು ದಿನ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಒಂದು ಗಂಟೆ ಕೂರಲು ಅನುಮತಿ ಕೇಳಿ. ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ಎಆರ್‌ಟಿ ಕೇಂದ್ರದ ಒಪಿಡಿಗೆ ಹೋಗಿ. ಭಾರತದ ಸೋಂಕುರೋಗ ತಜ್ಞರ ಸಂಘವಾದ ಸಿಐಡಿಎಸ್ ಪ್ರತಿ ವರ್ಷ ನಡೆಸುವ ಸಿಡ್ಸ್‌ಕಾನ್ ಸಮ್ಮೇಳನಕ್ಕೆ ಒಂದು ಕೇಸ್ ಕಳಿಸಿ. ಮುಂದೆ ನಿಮಗೆ ಕಲಿಸಬಹುದಾದವರಲ್ಲಿ ಹಲವರನ್ನು ಅಲ್ಲಿ ಒಂದೇ ಕಡೆ ಮಾತಾಡಿಸಬಹುದು, ಅವರ ಟ್ರೈನಿಗಳನ್ನೂ.